ಖಾಲಿ ಡಬ್ಬಿ ಹೇಳದ ಲೆಕ್ಕ

ಬೆಳಿಗ್ಗೆ ಐದಕ್ಕೆ ನಮ್ಮ ಅಡುಗೆಮನೆಯ ದೀಪ ಹತ್ತುತ್ತದೆ. ನಾವಿರುವುದು ಶಾರ್ಜಾದ ಅಲ್ ನಹ್ದಾದಲ್ಲಿ. ರಸ್ತೆ ದಾಟಿದರೆ ದುಬೈ. ಮಗಳ ಶಾಲೆ ಅಲ್ ಕುಸೈಸ್‌ನಲ್ಲಿ. ದೂರ ಹೆಚ್ಚೇನಿಲ್ಲ, ಆದರೆ ದಾರಿಯುದ್ದಕ್ಕೂ ಮಕ್ಕಳನ್ನು ಹತ್ತಿಸಿಕೊಂಡು ಹೋಗುವ ಬಸ್ಸು ಆರೂ ಹತ್ತಕ್ಕೇ ನಮ್ಮ ಕಟ್ಟಡದ ಕೆಳಗೆ ಬಂದು ನಿಲ್ಲುತ್ತದೆ. ಅಷ್ಟರೊಳಗೆ ಎರಡು ಡಬ್ಬಿ ತುಂಬಬೇಕು. ಒಂದು ಒಂಬತ್ತೂವರೆಯ ವಿರಾಮಕ್ಕೆ, ಇನ್ನೊಂದು ಹನ್ನೆರಡರ ಸುಮಾರಿನ ವಿರಾಮಕ್ಕೆ.

ಮನೆಯಲ್ಲಿ ನಾವಿಬ್ಬರೂ ದುಡಿಯುವವರು. ಎಂಟಕ್ಕೆ ಇಬ್ಬರೂ ಆಫೀಸಿನಲ್ಲಿರಬೇಕು. ಆದರೂ ಒಂದು ವಿಷಯದಲ್ಲಿ ನಮಗೆ ಹೆಮ್ಮೆಯಿತ್ತು. ಮಗಳ ಡಬ್ಬಿಗೆ ಹೊರಗಿನ ತಿಂಡಿ ಹಾಕಿದವರಲ್ಲ ನಾವು. ಸೋಮವಾರ ಚಿತ್ರಾನ್ನ, ಮಂಗಳವಾರ ನೀರುದೋಸೆ, ಬುಧವಾರ ಚಪಾತಿ ಪಲ್ಯ, ಗುರುವಾರ ಉಪ್ಪಿಟ್ಟು. ಸಂಜೆ ಡಬ್ಬಿ ತೊಳೆಯಲು ತೆಗೆದರೆ ಒಂದು ಅಗುಳೂ ಉಳಿದಿರುತ್ತಿರಲಿಲ್ಲ. ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳುವ ಮೊದಲ ಪ್ರಶ್ನೆಯೂ ಅದೇ: "ಮಗು ಶಾಲೆಯಲ್ಲಿ ಊಟ ಮಾಡ್ತಾಳಾ?" ನಮ್ಮ ಉತ್ತರ ಸಿದ್ಧವಿರುತ್ತಿತ್ತು: "ಡಬ್ಬಿ ಖಾಲಿ ಬರ್ತದಮ್ಮ."

ಕಳೆದ ವರ್ಷ ನಾಲ್ಕನೇ ತರಗತಿಯಲ್ಲಿದ್ದಾಗ ಅವಳಿಗೆ ಹಲ್ಲುನೋವು ಶುರುವಾಯಿತು. ಎರಡು ದವಡೆ ಹಲ್ಲು ಹುಳುಕಾಗಿದ್ದವು. ವೈದ್ಯೆ ಹಲ್ಲು ತುಂಬುತ್ತಾ ಮೆಲ್ಲಗೆ ಕೇಳಿದರು, ಶಾಲೆಗೆ ಏನು ಕಳಿಸುತ್ತೀರಿ ಎಂದು. ಎಲ್ಲವೂ ಮನೆಯದೇ ಎಂದೆವು. ಅವರು ಮಗಳ ಮುಖ ನೋಡಿದರು. ಮಗಳು ಸೀಲಿಂಗ್ ನೋಡಿದಳು. ವಿಮೆಯಲ್ಲಿ ಹಲ್ಲಿನ ಚಿಕಿತ್ಸೆ ಸೇರಿರಲಿಲ್ಲ. ಬಿಲ್ಲು ಕಟ್ಟಿ ಮನೆಗೆ ಬಂದೆವು.

ಅದಾದ ಎರಡನೇ ವಾರಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಬಂತು. ಮಗಳ ತರಗತಿಯ ಹುಡುಗನೊಬ್ಬನ ತಾಯಿಯದು. ಅವರು ಕೇರಳದವರು, ಆಸ್ಪತ್ರೆಯಲ್ಲಿ ನರ್ಸ್. ನಿಮ್ಮ ಮನೆಯ ಲೆಮನ್ ರೈಸ್ ನನ್ನ ಮಗನಿಗೆ ಬಹಳ ಇಷ್ಟ, ದಿನವೂ ಅದೇ ಮಾತು, ಅದಕ್ಕೆ ಏನೇನು ಹಾಕುತ್ತೀರಿ ಎಂದು ಕೇಳಿದ್ದರು. ಕೊನೆಯಲ್ಲಿ ಕೈಮುಗಿದ ಚಿತ್ರ.

ಲೆಕ್ಕ ಪರಿಶೋಧನೆಯ ಕಸುಬಿನಲ್ಲಿ ಒಂದು ಪಾಠ ಮೊದಲೇ ಕಲಿಸುತ್ತಾರೆ. ಗೋದಾಮು ಖಾಲಿಯಿದೆ ಎಂದರೆ ಸರಕು ಮಾರಾಟವಾಗಿದೆ ಎಂದಲ್ಲ, ಎಲ್ಲಿಗೆ ಹೋಯಿತು ಎಂದು ನೋಡಬೇಕು. ಆಫೀಸಿನಲ್ಲಿ ಇಪ್ಪತ್ತು ವರ್ಷ ಆ ಪಾಠ ಪಾಲಿಸಿದ ನಾವು ಮನೆಯಲ್ಲಿ ಖಾಲಿ ಡಬ್ಬಿಯನ್ನೇ ಸಾಕ್ಷಿ ಎಂದು ನಂಬಿದ್ದೆವು.

ಡಬ್ಬಿ ಅದಲು ಬದಲು

ಆ ಸಂಜೆ ಮಗಳನ್ನು ಕೂರಿಸಿಕೊಂಡು ಕೇಳಿದೆವು. ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟೆವು. ಜೂನ್‌ನಿಂದಲೇ ಅದಲು ಬದಲು ನಡೆದಿತ್ತು. ನಮ್ಮ ಚಿತ್ರಾನ್ನ, ದೋಸೆ ಆ ಹುಡುಗನಿಗೆ. ಅವನ ಚಿಕನ್ ನಗೆಟ್ಸ್, ಚಾಕೊಲೆಟ್ ಸ್ಪ್ರೆಡ್ ಸವರಿದ ಬ್ರೆಡ್, ಖಾರದ ಚಿಪ್ಸ್ ಇವಳಿಗೆ. ಚಿಪ್ಸ್ ಪ್ಯಾಕೆಟ್ ತರಬಾರದು ಎಂದು ಶಾಲೆಯ ಸುತ್ತೋಲೆಯೇ ಇದೆ. ಆದರೆ ಪ್ಯಾಕೆಟ್ ಮನೆಯಲ್ಲೇ ಒಡೆದು ಸ್ಟೀಲ್ ಡಬ್ಬಿಗೆ ಸುರಿದರೆ ಯಾರು ಕೇಳುತ್ತಾರೆ?

ಏಕೆ ಹೀಗೆ ಮಾಡಿದೆ ಎಂದಾಗ ಅವಳು ಹೇಳಿದ್ದು ಎರಡೇ ಕಾರಣ. "ನನ್ನ ಡಬ್ಬಿ ತೆರೆದರೆ ಎಲ್ಲರೂ ಅದೇನು ಅಂತ ಕೇಳ್ತಾರೆ. ಅವನ ಡಬ್ಬಿ ತೆರೆದರೆ ಯಾರೂ ಕೇಳಲ್ಲ" ಎನ್ನುವುದು ಮೊದಲನೆಯದು. ಎರಡನೆಯದು ಇನ್ನೂ ಸರಳ. ವಿರಾಮ ಇಪ್ಪತ್ತು ನಿಮಿಷ. ಕೈ ತೊಳೆದು, ಚಮಚ ತೆಗೆದು, ಅನ್ನ ಚೆಲ್ಲದಂತೆ ತಿಂದು ಮುಗಿಸುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ನಗೆಟ್ಸ್ ಆದರೆ ಒಂದು ಕೈಯಲ್ಲಿ ಹಿಡಿದು ಓಡಬಹುದು. ಆಟ ತಪ್ಪುವುದಿಲ್ಲ.

ಜಂಕ್ ಫುಡ್ ಎಂದರೆ ನಾಲಗೆಯ ಚಪಲ ಎಂದು ನಾವು ದೊಡ್ಡವರು ತೀರ್ಮಾನಿಸಿಬಿಟ್ಟಿದ್ದೇವೆ. ಒಂಬತ್ತು ವರ್ಷದ ಮಗುವಿಗೆ ಅದು ಸಮಯದ ಪ್ರಶ್ನೆಯೂ ಆಗಿತ್ತು, ಗುಂಪಿನಲ್ಲಿ ಒಬ್ಬಳಾಗುವ ಪ್ರಶ್ನೆಯೂ ಆಗಿತ್ತು. ಊರಿನ ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟಕ್ಕೆ ಕುಳಿತ ಮಕ್ಕಳ ತಟ್ಟೆಯಲ್ಲಿ ಒಂದೇ ಅನ್ನ, ಒಂದೇ ಸಾಂಬಾರು. ಯಾರ ತಟ್ಟೆಯಲ್ಲಿ ಏನಿದೆ ಎಂಬ ಹೋಲಿಕೆಗೆ ಎಡೆಯೇ ಇಲ್ಲ. ಇಲ್ಲಿ ಒಂದು ತರಗತಿಯಲ್ಲಿ ಕೇರಳ, ತಮಿಳುನಾಡು, ಪಂಜಾಬ್, ಗುಜರಾತ್, ಪಾಕಿಸ್ತಾನದ ಡಬ್ಬಿಗಳು ಒಟ್ಟಿಗೆ ತೆರೆಯುತ್ತವೆ. ಎಲ್ಲರಿಗೂ ಗೊತ್ತಿರುವ ತಿಂಡಿ ಎಂದರೆ ಅಂಗಡಿಯ ಪ್ಯಾಕೆಟ್ ತಿಂಡಿ ಮಾತ್ರ.

ಇನ್ನೊಂದು ಮಾತು ಹೇಳಿಬಿಡಬೇಕು. ಆ ಹುಡುಗನ ಡಬ್ಬಿಯ ವಿಷಯ ನಮಗೆ ಮೊದಲೇ ಗೊತ್ತಿತ್ತು. ಮಗಳೇ ಒಮ್ಮೆ ಹೇಳಿದ್ದಳು. ಆಗ ನಮ್ಮ ಕಟ್ಟಡದ ಕನ್ನಡಿಗರು ನಾಲ್ಕೈದು ಮನೆಯವರು ಸೇರಿದಾಗ ನಾವೂ ಒಂದು ಮಾತು ಸೇರಿಸಿದ್ದೆವು, ಮಗುವಿಗೆ ಒಂದು ಉಪ್ಪಿಟ್ಟು ಕೆದಕಿ ಕೊಡಲೂ ಆ ತಾಯಿಗೆ ಪುರುಸೊತ್ತಿಲ್ಲವೇ ಎಂದು. ಸಂದೇಶಕ್ಕೆ ಉತ್ತರವಾಗಿ ಫೋನ್ ಮಾಡಿದಾಗ ತಿಳಿಯಿತು: ಅವರದು ಹನ್ನೆರಡು ಗಂಟೆಯ ಪಾಳಿ. ವಾರದಲ್ಲಿ ಕೆಲವು ದಿನ ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ಮಗ ಬಸ್ಸು ಹತ್ತಿರುತ್ತಾನೆ. ಗಂಡನಿಗೆ ಅಬುಧಾಬಿಯಲ್ಲಿ ಕೆಲಸ, ವಾರಾಂತ್ಯಕ್ಕೆ ಮಾತ್ರ ಬರುತ್ತಾರೆ. ಅಂಥ ದಿನಗಳಲ್ಲಿ ಹುಡುಗ ಪಕ್ಕದ ಮನೆಯವರ ಕಾವಲಿನಲ್ಲಿ ಮಲಗಿ, ಎದ್ದು, ಫ್ರಿಜ್‌ನಲ್ಲಿಟ್ಟ ಡಬ್ಬಿಯನ್ನು ತಾನೇ ಬ್ಯಾಗಿಗೆ ಹಾಕಿಕೊಳ್ಳುತ್ತಾನೆ. ಹಿಂದಿನ ಸಂಜೆಯೇ ತುಂಬಿಟ್ಟರೂ ಕೆಡದ, ತಣ್ಣಗಾದರೂ ತಿನ್ನಬಹುದಾದ ತಿಂಡಿ ಯಾವುದಿದೆ? ಅದನ್ನೇ ಅವರು ಹಾಕುತ್ತಿದ್ದರು. ನಮಗೆ ಮಾತು ಹೊರಡಲಿಲ್ಲ.

ನಮ್ಮದೇ ಡಬ್ಬಿಯ ಸಕ್ಕರೆ

ನಗೆಟ್ಸ್ ಮತ್ತು ಚಿಪ್ಸ್ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬಹುದಿತ್ತು. ಆದರೆ ಹಲ್ಲಿನ ವೈದ್ಯೆ ಎರಡನೇ ಭೇಟಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು. ಕುಡಿಯಲು ಏನು ಕೊಡುತ್ತೀರಿ?

ನೀರಿನ ಜೊತೆಗೆ ನಾವು ದಿನವೂ ಇಡುತ್ತಿದ್ದುದು ಮಾವಿನ ಹಣ್ಣಿನ ಚಿತ್ರವಿರುವ 200 ಮಿಲಿಲೀಟರಿನ ಪುಟ್ಟ ಪೊಟ್ಟಣ. ಹಣ್ಣಿನ ಪಾನೀಯ, ಒಳ್ಳೆಯದೇ ಎಂದುಕೊಂಡಿದ್ದೆವು. ಆ ರಾತ್ರಿ ಮೊದಲ ಸಲ ಹಿಂಬದಿಯ ಸಣ್ಣ ಅಕ್ಷರ ಓದಿದೆವು. 100 ಮಿಲಿಲೀಟರಿಗೆ 11 ಗ್ರಾಂ ಸಕ್ಕರೆ. ಅಂದರೆ ಒಂದು ಪೊಟ್ಟಣದಲ್ಲಿ 22 ಗ್ರಾಂ, ಸುಮಾರು ಐದೂವರೆ ಟೀ ಚಮಚ. ವರ್ಷಕ್ಕೆ 180 ಶಾಲಾ ದಿನ ಎಂದಿಟ್ಟುಕೊಂಡರೆ 3,960 ಗ್ರಾಂ. ನಮ್ಮ "ಮನೆಯ ಊಟ"ದ ಡಬ್ಬಿಯ ಪಕ್ಕದಲ್ಲೇ ವರ್ಷಕ್ಕೆ ನಾಲ್ಕು ಕಿಲೋ ಸಕ್ಕರೆ ನಾವೇ ಕೈಯಾರೆ ಇಟ್ಟು ಕಳಿಸಿದ್ದೆವು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದಲ್ಲಿರುವ ಸಕ್ಕರೆ ಎಲ್ಲ ಸೇರಿ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು. ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 1,600 ಕ್ಯಾಲೊರಿ ಬೇಕಾಗುವ ಮಗುವಿಗೆ ಲೆಕ್ಕ ಹಾಕಿದರೆ ಮೊದಲ ಮಿತಿ 40 ಗ್ರಾಂ, ಎರಡನೆಯದು 20 ಗ್ರಾಂ. ಒಂದು ಪೊಟ್ಟಣ ಕುಡಿದರೆ ಎರಡನೇ ಮಿತಿ ಅಲ್ಲೇ ದಾಟಿತು. ಸಂಜೆಯ ಹಾಲಿನ ಸಕ್ಕರೆ, ಬಿಸ್ಕತ್ತು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹಲ್ಲಿನ ಮಟ್ಟಿಗಂತೂ ಎಷ್ಟು ಸಕ್ಕರೆ ಎಂಬುದಷ್ಟೇ ಅಲ್ಲ, ದಿನಕ್ಕೆ ಎಷ್ಟು ಸಲ ಎಂಬುದೂ ಮುಖ್ಯ ಎಂದರು ವೈದ್ಯೆ. ಪೊಟ್ಟಣವನ್ನು ಬಸ್ಸಿನಲ್ಲಿ, ತರಗತಿಯ ನಡುವೆ ಗುಟುಕು ಗುಟುಕಾಗಿ ಹೀರುವುದೇ ಹೆಚ್ಚು ಹಾನಿ. ಚಿಪ್ಸ್ ಸಿಹಿಯಲ್ಲದಿದ್ದರೂ ಅದರ ಪಿಷ್ಟ ಹಲ್ಲಿನ ಸಂದಿಗೆ ಅಂಟಿ ಕೂರುತ್ತದೆ.

ಇದರಲ್ಲಿ ನಾಚಿಕೆಯ ಇನ್ನೊಂದು ಅಂಶವಿದೆ. ಯುಎಇ ಸರ್ಕಾರ 2017ರ ಅಕ್ಟೋಬರ್‌ನಲ್ಲಿ ಸೋಡಾ ಪಾನೀಯಗಳ ಮೇಲೆ ಶೇ 50, ಎನರ್ಜಿ ಡ್ರಿಂಕ್‌ಗಳ ಮೇಲೆ ಶೇ 100 ಅಬಕಾರಿ ತೆರಿಗೆ ಹಾಕಿತು. 2019ರ ಡಿಸೆಂಬರ್‌ನಲ್ಲಿ ಸಕ್ಕರೆ ಸೇರಿಸಿದ ಇತರ ಪಾನೀಯಗಳೂ ಶೇ 50ರ ತೆರಿಗೆಗೆ ಸೇರಿದವು. 2026ರ ಜನವರಿಯಿಂದ ಪದ್ಧತಿ ಬದಲಾಗಿ, 100 ಮಿಲಿಲೀಟರಿಗೆ ಎಷ್ಟು ಸಕ್ಕರೆಯಿದೆ ಎಂಬುದರ ಮೇಲೆ ತೆರಿಗೆ ನಿಗದಿಯಾಗುತ್ತದೆ. ಈ ತೆರಿಗೆಯ ಲೆಕ್ಕವನ್ನು ಆಫೀಸಿನಲ್ಲಿ ಕುಳಿತು ಸಾಲು ಸಾಲಾಗಿ ಬರೆದವರು ನಾವೇ. ಅದೇ ಪಟ್ಟಿಯಲ್ಲಿದ್ದ ಸರಕನ್ನು ವಾರಾಂತ್ಯದಲ್ಲಿ ಸೂಪರ್ ಮಾರ್ಕೆಟ್ಟಿನಿಂದ ಡಜನ್ ಗಟ್ಟಲೆ ಹೊತ್ತು ತಂದವರೂ ನಾವೇ. ಮಧುಮೇಹದ ಪ್ರಮಾಣದಲ್ಲಿ ಮಧ್ಯಪ್ರಾಚ್ಯ ಜಗತ್ತಿನಲ್ಲೇ ಮುಂದಿದೆ ಎಂಬ ಸುದ್ದಿಯನ್ನು ಓದಿ ತಲೆಯಾಡಿಸಿದ್ದೂ ಉಂಟು.

ಪ್ಯಾಕೆಟ್ ಎಂದರೆ ಪ್ರೀತಿ

ಮಕ್ಕಳಿಗೆ ಈ ರುಚಿ ಹತ್ತಿಸಿದವರು ಯಾರು ಎಂದು ಕೇಳಿಕೊಂಡರೆ ಬೆರಳು ಬಹಳ ದೂರ ಹೋಗುವುದಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಮಾಲ್‌ನ ಫುಡ್ ಕೋರ್ಟ್. ನಾವು ತಡವಾಗಿ ಬರುವ ದಿನ ಕೆಳಗಿನ ಗ್ರೋಸರಿಗೆ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಚಿಪ್ಸ್, ಐಸ್‌ಕ್ರೀಂ ಬಾಗಿಲಿಗೆ. ಕೆಫೆಟೇರಿಯಾದಲ್ಲಿ ಪರೋಟಾ ಒಳಗೆ ಚೀಸ್ ಸವರಿ, ಖಾರದ ಚಿಪ್ಸ್ ಪುಡಿಮಾಡಿ ಉದುರಿಸಿ ಸುತ್ತಿಕೊಡುತ್ತಾರೆ. ಅದು ಇಲ್ಲಿನ ಮಕ್ಕಳಿಗೆ, ಸತ್ಯ ಹೇಳಬೇಕೆಂದರೆ ನಮಗೂ, ಬಹಳ ಪ್ರಿಯ. ತಿಂಗಳ ಕೊನೆಯ ವಾರದಲ್ಲಿ ವ್ಯಾಟ್ ರಿಟರ್ನ್ ಸಲ್ಲಿಸುವ 28ನೇ ತಾರೀಖು ಹತ್ತಿರ ಬಂದಂತೆ ನಮ್ಮ ಮನೆಯಲ್ಲಿ ಪ್ಯಾಕೆಟ್ಟುಗಳ ಸಂಖ್ಯೆ ಏರುತ್ತದೆ. ಕೊಡಲಾಗದ ಸಮಯಕ್ಕೆ ಬದಲಾಗಿ ಕೊಟ್ಟದ್ದು ಅದು.

ಇದು ನಮ್ಮಿಂದ ಶುರುವಾದದ್ದೂ ಅಲ್ಲ. ನಾವು ಕುಂದಾಪುರದ ಕಡೆಯವರು. ಚಿಕ್ಕವರಿದ್ದಾಗ ಕೇರಿಯಲ್ಲಿ ಯಾರಾದರೂ ಗಲ್ಫ್‌ನಿಂದ ಬಂದರೆ ಅವರ ಪೆಟ್ಟಿಗೆ ಬಿಚ್ಚುವುದನ್ನೇ ಕಾಯುತ್ತಿದ್ದೆವು. ಹೊಳೆಯುವ ಕಾಗದದ ಚಾಕೊಲೆಟ್, ನೀರಿಗೆ ಹಾಕಿದರೆ ಕಿತ್ತಳೆ ಬಣ್ಣ ಬರುವ ಪುಡಿ. ಒಂದು ತುಂಡು ಸಿಕ್ಕರೆ ಕಾಗದವನ್ನೂ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದೆವು. ಈಗ ಪೆಟ್ಟಿಗೆ ನಮ್ಮದು. ಪ್ರತಿ ಜುಲೈಯಲ್ಲಿ ಊರಿಗೆ ಹೊರಡುವಾಗ 30 ಕಿಲೋ ಲಗೇಜಿನಲ್ಲಿ ಆರೇಳು ಕಿಲೋ ಚಾಕೊಲೆಟ್ ಇದ್ದೇ ಇರುತ್ತದೆ. ಅದಿಲ್ಲದೆ ಹೋದರೆ ಅಣ್ಣನ ಮಕ್ಕಳ ಮುಖ ನೋಡುವುದು ಹೇಗೆ?

ಮರಳುವಾಗ ಅತ್ತ ಕಡೆಯಿಂದಲೂ ಅದೇ. ಅಮ್ಮ ಹಲಸಿನಕಾಯಿ ಚಿಪ್ಸ್, ಬಾಳೆಕಾಯಿ ಚಿಪ್ಸ್, ಚಕ್ಕುಲಿ, ಕೋಡುಬಳೆ ಡಬ್ಬಗಟ್ಟಲೆ ತುಂಬುತ್ತಾರೆ. ತೆಂಗಿನೆಣ್ಣೆಯಲ್ಲಿ ಕರಿದದ್ದು, ಅಂಗಡಿಯದಲ್ಲ ಎಂಬ ಸಮಾಧಾನ ಅವರಿಗೆ. ಅದರಲ್ಲಿ ಸುಳ್ಳಿಲ್ಲ, ಏನು ಹಾಕಿದ್ದಾರೆ ಎಂದು ಗೊತ್ತಿರುತ್ತದೆ, ಬಣ್ಣ ಇಲ್ಲ, ತಿಂಗಳುಗಟ್ಟಲೆ ಕೆಡದಂತೆ ಸೇರಿಸುವ ವಸ್ತುಗಳಿಲ್ಲ. ಆದರೆ ಅಜ್ಜಿ ಕರಿದರೂ ಎಣ್ಣೆ ಎಣ್ಣೆಯೇ, ಉಪ್ಪು ಉಪ್ಪೇ. ಟಿವಿ ಮುಂದೆ ಕುಳಿತು ಅರ್ಧ ಡಬ್ಬ ಮುಗಿಸಿದ ಮಗು ರಾತ್ರಿ ಊಟ ಬೇಡವೆನ್ನುವುದರಲ್ಲಿ ಏನೂ ವ್ಯತ್ಯಾಸವಿಲ್ಲ.

ಹೀಗೆ ಎರಡೂ ದಡದಿಂದ ಪ್ರೀತಿ ಪ್ಯಾಕೆಟ್ಟಿನಲ್ಲೇ ಹೋಗಿ ಬರುತ್ತದೆ. ಅದನ್ನು ನೋಡುತ್ತಾ ಬೆಳೆದ ಮಗುವಿಗೆ, ಡಬ್ಬಿಯಲ್ಲಿ ಮಾತ್ರ ಅದು ಕೆಟ್ಟದ್ದು ಎಂದರೆ ಅರ್ಥವಾಗುವುದು ಹೇಗೆ?

ಏನು ಬದಲಾಯಿತು

ದೊಡ್ಡ ಕ್ರಾಂತಿಯೇನೂ ಆಗಲಿಲ್ಲ. ಮೊದಲು ಜ್ಯೂಸ್ ಪೊಟ್ಟಣ ನಿಲ್ಲಿಸಿದೆವು. ಮಜ್ಜಿಗೆ ಕಳಿಸೋಣವೆಂದರೆ ಇಲ್ಲಿನ ಬಿಸಿಲಿಗೆ ಹುಳಿಯಾಗುತ್ತದೆ. ನೀರಷ್ಟೇ ಸಾಕೆಂದು ಮಗಳೇ ಹೇಳಿದಳು. ಎರಡು ವಾರ ಗೊಣಗಿದಳು, ಆಮೇಲೆ ಮರೆತಳು.

ನಂತರ ತಿಂಡಿಯ ಆಕಾರ ಬದಲಾಯಿಸಿದೆವು. ಅವಳ ಎರಡನೇ ಕಾರಣ, ಅಂದರೆ ಒಂದು ಕೈಯಲ್ಲಿ ಹಿಡಿದು ತಿನ್ನುವುದು, ನ್ಯಾಯವಾದ ಬೇಡಿಕೆಯೇ ತಾನೆ? ಅದೇ ದೋಸೆ ಹಿಟ್ಟಿಗೆ ಈರುಳ್ಳಿ, ಕ್ಯಾರೆಟ್ ತುರಿದು ಹಾಕಿ ಪಡ್ಡು ಮಾಡಿದರೆ ಚಮಚ ಬೇಡ. ಸಣ್ಣ ಇಡ್ಲಿಗಳಿಗೆ ತುಪ್ಪ, ಚಟ್ನಿಪುಡಿ ಹಚ್ಚಿದರೆ ಚಟ್ನಿಯೂ ಬೇಡ. ಚಪಾತಿಯೊಳಗೆ ಪಲ್ಯವನ್ನೋ ಮೊಟ್ಟೆಯನ್ನೋ ಸುತ್ತಿ ಎರಡು ತುಂಡು ಮಾಡಿದರೆ ಅದು ಕೆಫೆಟೇರಿಯಾದ ರೋಲಿನಂತೆಯೇ ಕಾಣುತ್ತದೆ. "ಅದೇನು" ಎಂದು ಯಾರಾದರೂ ಕೇಳಿದರೆ "ರೋಲ್" ಎಂದರೆ ಮುಗಿಯಿತು.

ಇಲ್ಲಿಯ ಎರಡು ಕಟ್ಟುನಿಟ್ಟುಗಳನ್ನು ಊರಿನ ಹಿರಿಯರಿಗೆ ವಿವರಿಸುವುದು ಕಷ್ಟ. ಒಂದು, ಶೇಂಗಾ. ನಮ್ಮ ಶಾಲೆಯಲ್ಲಿ ಕಡಲೆಕಾಯಿ, ಗೋಡಂಬಿಯಂಥ ಯಾವ ಬೀಜವನ್ನೂ ತರುವಂತಿಲ್ಲ. ಕೆಲವು ಮಕ್ಕಳಿಗೆ ಅದರ ಅಲರ್ಜಿ ಜೀವಕ್ಕೇ ಕುತ್ತು ತರಬಹುದು. ಹಾಗಾಗಿ ನಮ್ಮ ಚಿತ್ರಾನ್ನಕ್ಕೆ ಕಡಲೆಬೇಳೆ, ಉದ್ದಿನಬೇಳೆ ಮಾತ್ರ. ಶೇಂಗಾ ಇಲ್ಲದ ಚಿತ್ರಾನ್ನವನ್ನು ಚಿತ್ರಾನ್ನ ಎನ್ನಲು ಅಮ್ಮ ಇಂದಿಗೂ ಒಪ್ಪಿಲ್ಲ. ಎರಡು, ಹಸಿ ತೆಂಗಿನಕಾಯಿ. ಮೇ, ಜೂನ್, ಸೆಪ್ಟೆಂಬರ್ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲು. ಬೆಳಿಗ್ಗೆ ಐದಕ್ಕೆ ರುಬ್ಬಿದ ಕಾಯಿಚಟ್ನಿ ಹನ್ನೆರಡಕ್ಕೆ ಹಳಸಿರುತ್ತದೆ. ಮಗು ಡಬ್ಬಿ ಮುಚ್ಚಿ ಇಟ್ಟರೆ ಅದು ಹಟವೇ ಆಗಿರಬೇಕಿಲ್ಲ, ವಾಸನೆಯೂ ಇರಬಹುದು. ಡಬ್ಬಿಯ ತಿಂಡಿಯನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬಾರದು ಎಂಬ ನಿಯಮಕ್ಕೂ ಕಾರಣ ಅಲರ್ಜಿಯೇ. ಇವರಿಬ್ಬರ ಅದಲು ಬದಲು ಅಪಾಯವಿಲ್ಲದೆ ಮುಗಿದದ್ದು ನಮ್ಮ ಪುಣ್ಯ. ಅದನ್ನು ಇಬ್ಬರು ಮಕ್ಕಳಿಗೂ ಕೂರಿಸಿ ಹೇಳಿದೆವು.

ಇನ್ನು ಶುಕ್ರವಾರ. 2022ರಿಂದ ಇಲ್ಲಿ ವಾರಾಂತ್ಯ ಶನಿವಾರ, ಭಾನುವಾರಕ್ಕೆ ಬಂದ ಮೇಲೆ ದುಬೈನ ಶಾಲೆಗಳು ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಗೆ ಮೊದಲೇ ಬಿಡುತ್ತವೆ. ಅಂದು ಒಂದೇ ಡಬ್ಬಿ. ಅದು ಮಗಳ ಆಯ್ಕೆ, ಶಾಲೆಯ ಸುತ್ತೋಲೆಯೊಳಗೆ ಏನು ಬೇಕಾದರೂ. ನಗೆಟ್ಸ್ ಎಂದರೆ ನಗೆಟ್ಸ್. ಚಿಪ್ಸ್ ಬೇಕೆಂದರೆ ಶನಿವಾರ ಸಂಜೆ, ಮನೆಯಲ್ಲಿ, ಬಟ್ಟಲಿಗೆ ಹಾಕಿಕೊಂಡು, ನಮ್ಮ ಜೊತೆ ಕುಳಿತು. ಕದ್ದು ತಿನ್ನುವಂತಿಲ್ಲ, ಬಹುಮಾನವಾಗಿಯೂ ಕೊಡುವುದಿಲ್ಲ. ಈಚೆಗೆ ಒಂದು ಶುಕ್ರವಾರ ಅವಳೇ ಪಡ್ಡು ಕೇಳಿದಳು. ಮುಂದಿನ ಶುಕ್ರವಾರ ಮತ್ತೆ ನಗೆಟ್ಸ್. ಇರಲಿ.

ಆ ನರ್ಸ್ ತಾಯಿಗೆ ಚಿತ್ರಾನ್ನದ ಒಗ್ಗರಣೆಯನ್ನು ಹೆಚ್ಚು ಮಾಡಿ ಬಾಟಲಿಯಲ್ಲಿ ಕೊಟ್ಟಿದ್ದೇವೆ. ಫ್ರಿಜ್‌ನಲ್ಲಿಟ್ಟರೆ ಕೆಲವು ದಿನ ಬರುತ್ತದೆ. ಅನ್ನ ಬಿಸಿಮಾಡಿ ಕಲಸಿದರಾಯಿತು. ರಾತ್ರಿ ಪಾಳಿಯಿಲ್ಲದ ಬೆಳಗುಗಳಲ್ಲಿ ಈಗ ಅವರ ಮಗನ ಡಬ್ಬಿಯಲ್ಲೂ ಅದು ಇರುತ್ತದೆ. ಅವರು ನಮಗೆ ಹತ್ತು ನಿಮಿಷದಲ್ಲಿ ಆಗುವ ಪುಟ್ಟು ಕಲಿಸಿಕೊಟ್ಟರು. ನಾವು ಅವರ ಬಗ್ಗೆ ಹಿಂದೆ ಆಡಿದ ಮಾತನ್ನು ಅವರಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಅದನ್ನು ಇಲ್ಲಿ ಬರೆದು ಒಪ್ಪಿಸುತ್ತಿದ್ದೇವೆ.

ಊರಿನವರಿಗೆ ಒಂದು ಪಟ್ಟಿ

ಭಾರತದಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಆವರಣದಲ್ಲಿ ಮತ್ತು ಸುತ್ತ 50 ಮೀಟರ್‌ನೊಳಗೆ ಮಕ್ಕಳಿಗೆ ಮಾರುವಂತಿಲ್ಲ ಎನ್ನುತ್ತವೆ. ಸರ್ಕಾರಗಳು ಶಾಲೆಯ ಗೇಟಿನವರೆಗೆ ನಿಯಮ ಮಾಡಬಲ್ಲವು. ವಿಮಾನದ ಪೆಟ್ಟಿಗೆಯೊಳಗಿನ ನಿಯಮ ನಾವು ನಾವೇ ಮಾಡಿಕೊಳ್ಳಬೇಕು.

ಆದ್ದರಿಂದ ಈ ಪುಟ ಓದುವ ಅಜ್ಜ ಅಜ್ಜಿಯರಲ್ಲಿ, ಚಿಕ್ಕಮ್ಮ ಅತ್ತೆಯರಲ್ಲಿ ಒಂದು ಕೋರಿಕೆ. ಮುಂದಿನ ಸಲ ಗಲ್ಫ್‌ಗೆ ಹೊರಟವರ ಕೈಯಲ್ಲಿ ಏನಾದರೂ ಕಳಿಸುವುದಾದರೆ ಕರಿದದ್ದು ಒಂದು ಡಬ್ಬ ಸಾಕು. ಉಳಿದ ಜಾಗದಲ್ಲಿ ರಾಗಿ ಹುರಿಹಿಟ್ಟು, ತೆಳು ಅವಲಕ್ಕಿ, ಸಾರಿನ ಪುಡಿ, ಹುರಿಗಡಲೆಯ ಚಟ್ನಿಪುಡಿ ಇರಲಿ. ಬೆಳಿಗ್ಗೆ ಐದರಿಂದ ಆರರವರೆಗಿನ ಒಂದು ಗಂಟೆಯಲ್ಲಿ ನಮ್ಮ ಕೈ ಹಿಡಿಯುವುದು ಅವೇ. ಫೋನಿನಲ್ಲಿ "ಡಬ್ಬಿ ಖಾಲಿ ಮಾಡಿದ್ಯಾ" ಎಂದು ಮಗುವನ್ನು ಕೇಳುವ ಬದಲು "ಇವತ್ತು ಯಾರ ಪಕ್ಕ ಕೂತು ತಿಂದೆ" ಎಂದು ಕೇಳಿ ನೋಡಿ. ಮೊದಲ ಪ್ರಶ್ನೆಗೆ ಸಿಗುವುದು ನಮಗೆ ಬೇಕಾದ ಉತ್ತರ. ಎರಡನೆಯದಕ್ಕೆ ಅರ್ಧ ಗಂಟೆ ಮಾತು ಸಿಗುತ್ತದೆ.

ನಾವೂ ಈ ಜುಲೈಗೆ ಪೆಟ್ಟಿಗೆಯ ಚಾಕೊಲೆಟ್ಟನ್ನು ಎರಡು ಕಿಲೋಗೆ ಇಳಿಸಲು ತೀರ್ಮಾನಿಸಿದ್ದೇವೆ. ಅಣ್ಣನ ಮಕ್ಕಳಿಗೆ ಬಣ್ಣದ ಪೆನ್ಸಿಲ್, ಫುಟ್‌ಬಾಲ್. ಊರಲ್ಲಿ ಆಗ ಆಷಾಢದ ಮಳೆ, ಕೆಸುವಿನ ಎಲೆ ಚಿಗುರಿರುತ್ತದೆ. ಪತ್ರೊಡೆ ಮಾಡುವಾಗ ಎಲೆಗೆ ಹಿಟ್ಟು ಹಚ್ಚುವ ಕೆಲಸ ತನ್ನದೇ ಎಂದು ಮಗಳು ಅಜ್ಜಿಗೆ ಈಗಲೇ ಹೇಳಿಟ್ಟಿದ್ದಾಳೆ.

ನಿನ್ನೆ ಅವಳ ಡಬ್ಬಿಯಲ್ಲಿ ಅರ್ಧ ಉಪ್ಪಿಟ್ಟು ಉಳಿದಿತ್ತು. ಏಕೆ ಎಂದು ಕೇಳಿದೆವು. "ಗಟ್ಟಿ ಆಗಿತ್ತು, ನಾಳೆ ನೀರು ಸ್ವಲ್ಪ ಜಾಸ್ತಿ ಹಾಕಿ" ಎಂದಳು. ನಾಲ್ಕು ತಿಂಗಳು ಖಾಲಿ ಬಂದ ಡಬ್ಬಿಗಳಿಗಿಂತ ಆ ಅರ್ಧ ಡಬ್ಬಿಯ ಲೆಕ್ಕ ನಮಗೆ ಸರಿಯಾಗಿ ತಾಳೆಯಾಯಿತು.